ಮಣ್ಣೆತ್ತು ಮಾಡೋಣ

(ಸಂಘದ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಓದುವ ಮನೆಯಲ್ಲಿ ಮಣ್ಣಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕೆಲಸ ಉಂಟು. ಕೈ ಕಲಿತ ವಿದ್ಯೆಯ ಜೊತೆಗೆ ಮಾತೂ ಉಳಿಯುತ್ತದೆ. ಕೈ ಮರೆತರೆ ಮಾತೂ ಮರೆಯಾಗುತ್ತದೆ. ಆದ್ದರಿಂದ ಇಂದು, ಎಂದೂ ಮಣ್ಣು ಮುಟ್ಟದವನು ಕೂಡ ತನ್ನ ಖೋಲಿಯಲ್ಲಿ ಕುಳಿತು ಒಂದು ಜೋಡಿ ಮಣ್ಣೆತ್ತು ಮಾಡಿ ಬಣ್ಣ ಹಚ್ಚುವದು ಹೇಗೆ ಎಂಬುದನ್ನು ಹೇಳಲಿದ್ದೇನೆ.

ನಮ್ಮಲ್ಲಿ ಬಹಳ ಜನ ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು. ಕಾರಹುಣ್ಣಿಮೆಗೆ ಮನೆಯ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ ಮೆರೆಸುವದು ನಮಗೆ ಗೊತ್ತು. ಅದಾಗಿ ಹದಿನೈದು ದಿನಕ್ಕೆ, ಜ್ಯೇಷ್ಠದ ಅಮಾವಾಸ್ಯೆಗೆ, ಮಣ್ಣಿನ ಎತ್ತು ಮಾಡಿ, ಮುಂದೆ ಗೋದಲಿ ಇಟ್ಟು ಪೂಜಿಸುತ್ತೇವೆ. ಅದರ ಬೆನ್ನಿಗೇ ಆಷಾಢದ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ, ಜೋಕುಮಾರ. ಮಳೆಗಾಲದುದ್ದಕ್ಕೂ ನಮ್ಮ ಹಳ್ಳಿಯ ಕೈಗಳಲ್ಲಿ ಮಣ್ಣು ಆಡುತ್ತಿರುತ್ತದೆ. ಈ ಯಾವ ಮೂರ್ತಿಯನ್ನೂ ಆವಿಗೆಯಲ್ಲಿ ಸುಡುವದಿಲ್ಲ.

ಸುಡದಿರುವದರಲ್ಲಿಯೇ ಹೊಸಬನ ಪುಣ್ಯ ಇದೆ. ಹರಪ್ಪದ ಜನ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಮಾಡಿದ ಮಣ್ಣಿನ ಗೂಳಿಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ನಿಂತಿವೆ, ಅವು ಸುಟ್ಟವು. ಸುಮಾರು ೬೦೦ ಡಿಗ್ರಿ ಸೆಂಟಿಗ್ರೇಡ್ ಕಾವು ಉಂಡ ಮಣ್ಣು ಮತ್ತೆ ಕೆಸರಾಗದು. ಗಾಳಿಗೆ ಒಣಗಿದ ಮಣ್ಣು ಹಾಗಲ್ಲ. ಎತ್ತು ಸೊಟ್ಟಾಯಿತೇ, ಕಾಲು ಮುರಿಯಿತೇ? ಪೂರ್ತಿ ಒಣಗಲು ಬಿಟ್ಟು ನೀರಿಗೆ ಹಾಕಿರಿ. ಕರಗಿ ಮತ್ತೆ ಮುದ್ದೆಯಾಗುತ್ತದೆ. ಅರೆಬರೆ ಒಣಗಿದ್ದನ್ನು ಹಾಕಿದರೆ ಬೇಗ ಕರಗದು, ಇದು ನೆನಪಿರಲಿ. ಹಸಿಮಣ್ಣು ನಮ್ಮ ಎಲ್ಲ ತಪ್ಪನ್ನೂ ಕ್ಷಮಿಸುತ್ತದೆ. ಅದು ಕ್ಷಮಿಸದೆ ಇರುವದು ಒಂದನ್ನೇ, ಅವಸರವನ್ನು.

ಇನ್ನು ಮಣ್ಣಿನ ವಿಷಯ. ಊರಲ್ಲಿ ಕೆರೆಯ ಮಣ್ಣು, ಹೊಲದ ಎರೆಮಣ್ಣು ಇತ್ತು. ಮುಂಬಯಿಯಲ್ಲಿ ಗಣಪತಿ ಮಾಡುವವರು ಬಳಸುವ ಶಾಡೂ ಮಣ್ಣು ಸಿಗುತ್ತದೆ. ನುಣುಪಾದದ್ದು, ಕಲ್ಲು ಇಲ್ಲದ್ದು. ಸಾಮಾನಿನ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿದ, ತಾನಾಗಿ ಒಣಗುವ ಮಣ್ಣೂ ಬಂದಿದೆ. ಅದರ ಎಷ್ಟೋ ಬಗೆಗಳಲ್ಲಿ ಕಾಗದದ ನಾರು, ಅಂಟು ಬೆರೆಸಿರುತ್ತಾರೆ. ಬಿರುಕು ಕಡಿಮೆ, ಬೆಲೆ ಹೆಚ್ಚು. ಮಕ್ಕಳ ಆಟಿಗೆಗೆ ಅದು ಸರಿ. ನೀರಿಗೆ ಬಿಡುವ ಎತ್ತಿಗೆ ಬೇಡ. ನಾಲ್ಕು ಇಂಚು ಉದ್ದದ ಒಂದು ಎತ್ತಿಗೆ ಕಾಲು ಕಿಲೋ ಮಣ್ಣು ಸಾಕು.

ಮಣ್ಣನ್ನು ರೊಟ್ಟಿಯ ಹಿಟ್ಟಿನಂತೆ ಚೆನ್ನಾಗಿ ನಾದಿರಿ. ಬೆರಳು ದಪ್ಪ ಹೊಸೆದು ಬಾಗಿಸಿ ನೋಡಿರಿ. ಬಿರಿದರೆ ನೀರು ಸಾಲದು, ಕೈಗೆ ಮೆತ್ತಿದರೆ ನೀರು ಹೆಚ್ಚು. ಹದ ಬಂದ ಮೇಲೆ ಮುದ್ದೆಯನ್ನು ಉದ್ದಕ್ಕೆ ಮಾಡಿ, ನಾಲ್ಕು ಕಾಲುಗಳನ್ನು ಬೇರೆ ಅಂಟಿಸದೆ ಆ ಮುದ್ದೆಯಿಂದಲೇ ಎಳೆಯಿರಿ. ಕಾಲು ಗಿಡ್ಡ, ದಪ್ಪ ಇರಲಿ. ಸಣಕಲು ಕಾಲು ಮೈಭಾರ ತಾಳದು. ಒಂದು ತುದಿಯಿಂದ ಕೊರಳು, ಮೋರೆ ಎಳೆದು, ಬೆನ್ನ ಮೇಲೆ ಚಿವುಟಿ ಇಣಿ ಏರಿಸಿರಿ. ಕೋಡು, ಕಿವಿಗಳನ್ನು ಮಾತ್ರ ಬೇರೆ ಮಾಡಿ ಕೂಡಿಸಬೇಕು. ಕೂಡುವ ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ಅದೇ ಮಣ್ಣಿನ ಗಟ್ಟಿ ರಾಡಿ ಸವರಿ, ಒತ್ತಿ ಹಿಡಿದು ಸಂದು ತೀಡಿರಿ. ಬರೀ ನೀರು ಹಚ್ಚಿ ನಿಲ್ಲಿಸಿದ ಕೋಡು ಒಣಗಿದ ಮೇಲೆ ಉದುರುತ್ತದೆ. ಗಟ್ಟಿ ಬರಲೆಂದು ಒಳಗೆ ಕಡ್ಡಿ ಚುಚ್ಚಬೇಡಿರಿ. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವದಿಲ್ಲ. ಆ ಜಗಳದಲ್ಲಿ ಮಣ್ಣು ಸೀಳುತ್ತದೆ. ಕಣ್ಣಿಗೆ ಎರಡು ಜೋಳದ ಕಾಳು ಒತ್ತಿದರಾಯಿತು.

ಎತ್ತು ಕೆಡುವದು ಮಾಡುವಾಗ ಅಲ್ಲ, ಒಣಗಿಸುವಾಗ. ಕಿವಿ ತೆಳುವು, ಹೊಟ್ಟೆ ದಪ್ಪ. ಬಿಸಿಲಿಗೋ ಪಂಖದ ಕೆಳಗೋ ಇಟ್ಟರೆ ಕಿವಿ ಒಂದು ತಾಸಿನಲ್ಲಿ ಒಣಗಿ ಕುಗ್ಗುತ್ತದೆ. ಹೊಟ್ಟೆ ಇನ್ನೂ ಹಸಿ. ನಡುವೆ ಬಿರುಕು ಬಿಡುತ್ತದೆ. ಆದ್ದರಿಂದ ಮೊದಲ ರಾತ್ರಿ ಒದ್ದೆ ಬಟ್ಟೆ ಹಿಂಡಿ ಮೇಲೆ ಹೊದಿಸಿರಿ. ಆಮೇಲೆ ನೆರಳಲ್ಲಿ, ಒಲೆಯಿಂದ ದೂರ ಇಟ್ಟು, ದಿನಕ್ಕೊಮ್ಮೆ ಮಗ್ಗುಲು ಬದಲಿಸಿರಿ. ಬೇಸಿಗೆಯಲ್ಲಿ ನಾಲ್ಕೈದು ದಿನ, ಮುಂಬಯಿಯ ಮಳೆಗಾಲದಲ್ಲಿ ಎಂಟು ದಿನವಾದರೂ ಬೇಕು. ಒಣಗಿತೋ ಇಲ್ಲವೋ ತಿಳಿಯಲು ಕೆನ್ನೆಗೆ ಹಿಡಿದು ನೋಡಿರಿ. ತಣ್ಣಗೆ ಹತ್ತಿದರೆ ಒಳಗೆ ಇನ್ನೂ ನೀರುಂಟು. ಸಣ್ಣ ಬಿರುಕು ಕಂಡರೆ ಅದೇ ಮಣ್ಣಿನ ರಾಡಿಗೆ ಒಂದಿಷ್ಟು ಗೋಂದು ಬೆರೆಸಿ ತುಂಬಿರಿ.

ಪೂರ್ತಿ ಒಣಗಿದ ಮೇಲೆಯೇ ಬಣ್ಣ. ಖಡುವಿನ ಪುಡಿಗೆ ತೆಳು ಗೋಂದಿನ ನೀರು ಕಲಸಿ ಮೊದಲು ಬಿಳಿ ಹಚ್ಚಿರಿ. ಕುಂಚದಲ್ಲಿ ನೀರು ಹೆಚ್ಚಾದರೆ ಮಣ್ಣೇ ಎದ್ದು ಬರುತ್ತದೆ. ಒಂದೇ ಕಡೆ ಮತ್ತೆ ಮತ್ತೆ ತಿಕ್ಕಬೇಡಿರಿ. ಬಿಳಿ ಒಣಗಿದ ಮೇಲೆ ತಿಳಿ ಬಣ್ಣ, ಕಡೆಗೆ ಗಾಢ ಬಣ್ಣ. ಝೂಲಿಗೆ ಕಾವಿಯ ಕೆಂಪು, ಕೊರಳಪಟ್ಟಿಗೆ ಅರಿಷಿಣ, ಗೊರಸಿಗೆ ಇದ್ದಲಿಯ ಕಪ್ಪು. ನೀರಿಗೆ ಬಿಡುವ ಮೂರ್ತಿಗಳಿಗೆ ಮಣ್ಣಿನಂಥ ಪದಾರ್ಥ, ವಿಷವಿಲ್ಲದ ಬಣ್ಣಗಳೇ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳಲ್ಲಿ ಹೇಳಿದೆ. ನಮ್ಮ ಅಜ್ಜಿಯರು ಯಾರೂ ಹೇಳದೆಯೇ ಅದನ್ನು ಮಾಡುತ್ತಿದ್ದರು.

ಬಂಧುಗಳೇ, ಹೊಟ್ಟೆಪಾಡಿಗಾಗಿ ನಾವು ಊರು ಬಿಟ್ಟು ಬಂದೆವು. ಎತ್ತಿನ ಬದುಕು ನಮ್ಮ ಹಿಂದೆ ಉಳಿಯಿತು. ಊರಲ್ಲಿಯೂ ಇಂದು ಟ್ರ್ಯಾಕ್ಟರು ಬಂದು ಎತ್ತು ಕಡಿಮೆಯಾಗಿವೆ. ಇಣಿ, ಗಂಗೆದೊಗಲು, ಗೊರಸು, ಕೋಡಣಸು, ಮೂಗುದಾರ, ನೊಗ, ಗೋದಲಿ: ಈ ಮಾತುಗಳು ನಮ್ಮ ಬಾಯಲ್ಲಿ ಇನ್ನೂ ಇವೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ಬಾಯಲ್ಲಿ ಇಲ್ಲ. ಪುಸ್ತಕದಲ್ಲಿ ಓದಿಸಿದರೆ ಪರೀಕ್ಷೆಯ ಮಾರನೆಯ ದಿನ ಮರೆಯುತ್ತಾರೆ. “ತಮ್ಮಾ, ಇಣಿ ಸ್ವಲ್ಪ ಏರಸು, ಅವ್ವಾ, ಗಂಗೆದೊಗಲು ಕೆಳಗ ಇಳಸು” ಎನ್ನುತ್ತ ಅವರ ಕೈಯಿಂದ ಮಾಡಿಸಿರಿ. ಬೆರಳಿಗೆ ತಿಳಿದ ಮಾತು ಬೇಗ ಅಳಿಯದು. ಒಂದೇ ಬೇಡಿಕೆ: ಮಗುವಿನ ಕೈಯಿಂದ ಎತ್ತು ಕಸಿದುಕೊಂಡು ತಿದ್ದಬೇಡಿರಿ. ಕೋಡು ಸೊಟ್ಟಾದರೂ ಅದು ಅವನ ಎತ್ತು.

ವೇಳೆ ಇಲ್ಲ, ಜಾಗ ಇಲ್ಲ ಎನ್ನುವಿರಿ. ಪಾಳಿ ಮುಗಿಸಿ ಬಂದವನಿಗೆ ದಣಿವು ಇರುವದು ನಿಜ. ಆದರೆ ದಿನವೆಲ್ಲ ಯಂತ್ರದ ಗತಿಗೆ, ಕಡತದ ಗತಿಗೆ ಓಡಿದ ಕೈಗೆ ಒಂದು ತಾಸು ತನ್ನದೇ ಗತಿಯಲ್ಲಿ ಕೆಲಸ ಮಾಡುವದು ದಣಿವು ಅಲ್ಲ, ವಿಶ್ರಾಂತಿ. ಜಾಗಕ್ಕೆ ಒಂದು ಹರಿವಾಣ, ಒಂದು ಹಳೆಯ ಪತ್ರಿಕೆ, ಕಿಟಕಿಯ ಕಟ್ಟೆ ಸಾಕು.

ಬರುವ ಅಮಾವಾಸ್ಯೆಗೆ ಹತ್ತು ದಿನ ಮೊದಲೇ ಮಣ್ಣು ಹಿಡಿಯಿರಿ. ಹಿಂದಿನ ರಾತ್ರಿ ಮಾಡಿದ ಎತ್ತಿಗೆ ಬಣ್ಣ ನಿಲ್ಲದು. ಅವರವರ ಎತ್ತು ಇಲ್ಲಿಗೆ ತಂದರೆ ಎಲ್ಲ ಕೂಡಿ ಒಂದೇ ಗೋದಲಿಯ ಮುಂದೆ ನಿಲ್ಲಿಸೋಣ.