ಕವಳಿ ಹಣ್ಣಿನ ಜಾಡು



ಬೇಸಿಗೆ ಬಲಿಯುತ್ತಿದ್ದಂತೆ ಹಳಿಯಾಳ, ದಾಂಡೇಲಿಯ ಕಡೆ ರಸ್ತೆ ಬದಿಗೆ ಬುಟ್ಟಿಗಳಲ್ಲಿ ಕವಳಿ ಹಣ್ಣು ಬರುತ್ತದೆ. ಎಲೆಯ ದೊನ್ನೆ ತುಂಬಿ ಕೊಡುತ್ತಾರೆ. ಕಪ್ಪು ಸಿಪ್ಪೆ ಒಡೆದರೆ ಕೆಂಪು ರಸ, ಸಿಹಿಯ ಬೆನ್ನಿಗೇ ಹುಳಿ. ತುಟಿಗೆ ಹತ್ತಿದ ಸೊನೆ ಮಾತ್ರ ಬೇಗ ಬಿಡುವುದಿಲ್ಲ.

ಆಯುರ್ವೇದಕ್ಕೆ ಇದು ‘ಕರಮರ್ದ’ವಾಗಿ ಮೊದಲೇ ಗೊತ್ತಿತ್ತು. ಯುರೋಪಿನವರ ಪುಸ್ತಕಕ್ಕೆ ಸೇರಿದ್ದು ಜೋಯಿಡಾದಿಂದ ಘಟ್ಟ ಇಳಿದರೆ ಸಿಗುವ ಗೋವೆಯಲ್ಲಿ. ಅಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಏಲಕ್ಕಿಯ ಜೊತೆಗೇ ಇದರ ಮಾತೂ ಇದೆ. 1767ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ‘ಕ್ಯಾರಿಸ್ಸಾ ಕರಂಡಾಸ್’ ಎಂದು ಹೆಸರಿಟ್ಟ. 

ಹಣ್ಣಿನೊಳಗೆ ಏನಿದೆ ಎಂಬ ಪ್ರಶ್ನೆ ಎದ್ದದ್ದು ವಿಟಮಿನ್ನುಗಳು ಪತ್ತೆಯಾದ ಮೇಲೆ. 1937ರಲ್ಲಿ ಕೂನೂರಿನ ಪ್ರಯೋಗಾಲಯದಿಂದ ಪೋಷಣಾ ವಿಜ್ಞಾನಿ ಅಯ್ಕ್‌ರಾಯ್ಡ್ ನಮ್ಮ ಆಹಾರಗಳ ಪೋಷಕಾಂಶದ ಪಟ್ಟಿ ಹೊರಡಿಸಿದರು. ಪಟ್ಟಿಗಳನ್ನು ಎಚ್ಚರದಿಂದ ಓದಬೇಕು. ನೂರು ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ಸಿ ವಿಟಮಿನ್ ಎಂದು ಹಳೆಯ ಪಟ್ಟಿ ಹೇಳಿದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ಅದು ಸುಮಾರು 250. ಕವಳಿಯ ಕಬ್ಬಿಣದ ಕತೆಯೂ ಹಾಗೆಯೇ. 39 ಮಿಲಿಗ್ರಾಂ ಎನ್ನುವುದು ಒಣಗಿಸಿದ ಹಣ್ಣಿನ ಲೆಕ್ಕ. ಅದನ್ನೇ ಹಸಿ ಹಣ್ಣಿಗೂ ಹಚ್ಚಿ ಹೊಗಳುವವರು ಬಹಳ.

ಹೊಗಳಿಕೆ ಇಳಿಸಿದರೂ ಹಣ್ಣು ಸಣ್ಣದಾಗುವುದಿಲ್ಲ. ಇದರ ಹುಳಿ ಮತ್ತು ಸಿ ವಿಟಮಿನ್, ಅನ್ನ-ರೊಟ್ಟಿಯಲ್ಲಿರುವ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತವೆ. ಹಾಗಾಗಿ ಊಟದ ಜೊತೆ ಕವಳಿ ಉಪ್ಪಿನಕಾಯಿ ಬರೀ ಚಪಲವಲ್ಲ. ಕವಳಿ, ನೇರಳೆಗಳಿಗೆ ಕಪ್ಪು ಬಣ್ಣ ಕೊಡುವ ಆಂಥೋಸಯನಿನ್ ಪ್ರಯೋಗಾಲಯದಲ್ಲಿ ಒಳ್ಳೆಯ ಗುಣ ತೋರಿಸಿದೆ. ಹಾಗಂತ ನೇರಳೆ ಬೀಜದ ಪುಡಿ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಡಿ.

ಇನ್ನು ಕೊಯ್ಯುವವರ ಮಾತು. ದಾಂಡೇಲಿ ಕಾಡು 1956ರಲ್ಲಿ ಅಭಯಾರಣ್ಯ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕವಳಿಯಂಥ ಕಿರು ಅರಣ್ಯ ಉತ್ಪನ್ನದ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿದೆ, ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲಲ್ಲ. ಹಳಿಯಾಳ, ಮುಂಡಗೋಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಗೋವೆಯ ಕುಣಬಿಗಳೂ ಅದೇ ವರ್ಷ ಸೇರಿದರು. ಜೋಯಿಡಾದ ಕುಣಬಿಗಳು ಸೇರಲಿಲ್ಲ. ಹಾಗಾಗಿ, ಪಂಗಡದ ಪಟ್ಟಿಯಲ್ಲಿಲ್ಲದ ಗೌಳಿ ಸಮುದಾಯದವರಂತೆ ಅವರೂ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿದ್ದದ್ದಕ್ಕೆ ದಾಖಲೆ ಕೊಡಬೇಕು.