‘ನಕಲು’ ಎಂಬ ಶಬ್ದದ ಅರ್ಥವಿಚಾರ



ಮಠದ ಗ್ರಂಥಭಂಡಾರವನ್ನು ಕುರಿತು ಎರಡು ಮಾತು ಅರಿಕೆಮಾಡಬೇಕೆಂದು ಅಪ್ಪಣೆಯಾಗಿರುವುದು. ತಾಡವೋಲೆಯ ಕಟ್ಟುಗಳನ್ನು ಕಂಡವರು ‘ಇವು ಮೂಲವಲ್ಲ, ಬರಿಯ ನಕಲು’ ಎನ್ನುವುದುಂಟು. ಈ ತಾತ್ಸಾರವು ಸಲ್ಲತಕ್ಕದ್ದೇ ಎಂಬುದನ್ನು ಆ ಶಬ್ದದಿಂದಲೇ ವಿಚಾರಿಸೋಣ.

‘ನಕಲು’ ಅರಬ್ಬೀ ಮೂಲದ ಶಬ್ದವು. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದೆಂಬುದೇ ಅದರ ಮೊದಲ ಅರ್ಥ. ಸರಕನ್ನು ಒಯ್ಯುವುದಕ್ಕೂ, ಕೇಳಿದ ಮಾತನ್ನು ಮತ್ತೊಬ್ಬರಿಗೆ ಮುಟ್ಟಿಸುವುದಕ್ಕೂ, ಬರಹವನ್ನು ಪ್ರತಿಮಾಡುವುದಕ್ಕೂ ಆ ಭಾಷೆಯಲ್ಲಿ ಇದೊಂದೇ ಶಬ್ದವು ಸಲ್ಲುವುದು. ಇದರ ಜೊತೆಯ ‘ಅಸಲು’ ಎಂಬುದಕ್ಕೂ ಅರಬ್ಬಿಯೇ ತವರು; ಅದರ ಅರ್ಥ ಬೇರು. ಸಂಸ್ಕೃತದ ‘ಮೂಲ’ ಶಬ್ದಕ್ಕೂ ಅದೇ ಅರ್ಥವಿರುವುದು ಗಮನಿಸತಕ್ಕ ಸಂಗತಿ. ಪಾರಸೀ ಭಾಷೆಯು ರಾಜಕಾರ್ಯಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಇಂತಹ ದಫ್ತರದ ಮಾತುಗಳು ಅನೇಕವಾಗಿ ಕನ್ನಡಕ್ಕೆ ಬಂದವು. ‘ನಕಲಿ’ ಎಂಬುದು ಮಾತ್ರ ಅಣಕ, ಹಾಸ್ಯ, ಖೋಟಾ ಎಂಬ ಅರ್ಥಗಳನ್ನು ತಳೆಯಿತು. ದೃಢೀಕರಿಸಿದ ನಕಲನ್ನು ನ್ಯಾಯಾಲಯವು ಒಪ್ಪುವುದು, ನಕಲಿಯನ್ನು ದಂಡಿಸುವುದು.

ಹನ್ನೆರಡನೆಯ ಶತಮಾನದ ಶರಣರ ಕಾಲದ ಓಲೆಗಳು ನಮಗೆ ಉಳಿದುಬಂದಿಲ್ಲ. ದೊರೆತಿರುವ ವಚನದ ಕಟ್ಟುಗಳೆಲ್ಲ ಅನಂತರದ ಪ್ರತಿಗಳೇ. ಫ. ಗು. ಹಳಕಟ್ಟಿಯವರು ಅಂತಹ ಓಲೆಗಳನ್ನು ಊರೂರಿನಿಂದ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಹೆಸರು ಸಹ ತಿಳಿಯದ ಲಿಪಿಕಾರರು ಕಂಟದಿಂದ ಓಲೆಯನ್ನು ಕೊರೆಯದಿದ್ದರೆ ಅಚ್ಚಿಗೆ ಏನು ಉಳಿಯುತ್ತಿತ್ತು?

ಹೊರೆ ಸಾಗಿಸುವಲ್ಲಿ ಚೆಲ್ಲುವ ಭಯವೂ ಉಂಟು. ಓಲೆಗಳಲ್ಲಿ ಒಕಾರದ ಹ್ರಸ್ವದೀರ್ಘಗಳನ್ನು ಸಾಮಾನ್ಯವಾಗಿ ಭೇದಿಸಿ ಬರೆಯುತ್ತಿರಲಿಲ್ಲ. ಆದುದರಿಂದ ‘ಕೊಡು’, ‘ಕೋಡು’ ಎರಡೂ ಒಂದೇ ರೂಪದಲ್ಲಿ ತೋರುವುವು. ಪಕಾರ ವಕಾರಗಳ ಹೋಲಿಕೆಯಿಂದ ‘ಪರ’ವು ‘ವರ’ವಾಗಬಹುದು. ಎರಡು ಸಾಲುಗಳು ಒಂದೇ ಮಾತಿನಿಂದ ಮುಗಿದರೆ, ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಹಾರಿ, ನಡುವಿನ ಸಾಲು ಸದ್ದಿಲ್ಲದೆ ಲೋಪವಾಗುವುದು. ಇವು ಕೈಯ ತಪ್ಪುಗಳು. ಹಲವು ಪ್ರತಿಗಳನ್ನು ಹೋಲಿಸಿ ತಿದ್ದಬಹುದು. ತನಗೆ ಬೇಕಾದ ಮಾತನ್ನು ಶರಣರ ಅಂಕಿತದೊಳಗೆ ಸೇರಿಸುವುದು ಮನಸ್ಸಿನ ತಪ್ಪು. ಅಲ್ಲಿ ನಕಲು ನಕಲಿಯಾಗುವುದು.

ಇಂದು ಕ್ಷಣಮಾತ್ರದಲ್ಲಿ ಸಾವಿರ ಪ್ರತಿಗಳಾಗುವುವು; ತಪ್ಪೂ ಸಾವಿರವಾಗುವುದು. ಆದಕಾರಣ ಶಿಷ್ಯವರ್ಗದವರು ಒಂದು ವಚನವನ್ನು ಬರೆದುಕೊಳ್ಳುವಾಗಲೂ, ಇತರರಿಗೆ ಕಳುಹುವಾಗಲೂ ಮೂಲದೊಡನೆ ಒಮ್ಮೆ ಹೋಲಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಹಿರಿಯರು ಹೊತ್ತು ತಂದುದನ್ನು ಕುಂದಿಲ್ಲದೆ ಮುಂದಿನವರ ಕೈಗೆ ಒಪ್ಪಿಸುವುದೇ ನಮ್ಮ ಪಾಲಿನ ಕಾಯಕವು.