18 ರೂಪಾಯಿಯ ಕತ್ತಲೆ

ನಾನು ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಕಾರ್ಕಳದ ಕಡೆಯಿಂದ ಬಂದು, ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸ ಮಾಡ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ನಾನು ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ ವಾಪಸ್ ಬಂದು ಸಾಫ್ಟ್‌ವೇರ್ ಕೆಲಸ ಮಾಡ್ತಾ ಇದ್ದೇನೆ. ಇವತ್ತು ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳ್ತೇನೆ. ಕೋಡ್‌ನಲ್ಲಿ ಮಾಡಿದ ತಪ್ಪುಗಳಲ್ಲ, ಅದಕ್ಕೆ ಇಲ್ಲಿ ಕೊಟ್ಟಿರೋ ಸಮಯ ಸಾಲೋದಿಲ್ಲ. (ನಗು) ನಮ್ಮ ಸೊಸೈಟಿಯ ದಾರಿದೀಪಗಳನ್ನು ರಾತ್ರಿ 12ರಿಂದ ಬೆಳಗಿನ ಜಾವ 5ರವರೆಗೆ ಆರಿಸಿದ್ದು ನಾನು.

ಸ್ವಲ್ಪ ಜಾಗದ ಪರಿಚಯ ಮಾಡಿಸ್ತೇನೆ. ಗೋರೆಗಾಂವ್ ಪೂರ್ವ, ಫಿಲ್ಮ್ ಸಿಟಿ ರಸ್ತೆಯ ಕಡೆ. ಮೂರು ಕಟ್ಟಡ, 84 ಮನೆ. ಹಿಂದಿನ ಗೋಡೆ ದಾಟಿದರೆ ಕಾಡು. ಒಂದು ಕಡೆ ಆರೇ ಕಾಲನಿ, ಅದಕ್ಕೆ ಅಂಟಿಕೊಂಡೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಸುಮಾರು 104 ಚದರ ಕಿಲೋಮೀಟರ್ ಕಾಡು, ಅದೂ ಮುಂಬೈಯ ಒಳಗೆ! 2018ರಲ್ಲಿ ಕ್ಯಾಮೆರಾ ಇಟ್ಟು ಎಣಿಸಿದಾಗ ಆ ಕಾಡು ಮತ್ತು ಅದರ ಅಂಚಿನಲ್ಲಿ ಸಿಕ್ಕಿದ ಚಿರತೆಗಳು 47. ಹೊರಗಿನ ರಸ್ತೆಯ ದೀಪ ಮಹಾನಗರ ಪಾಲಿಕೆಯ ಜವಾಬ್ದಾರಿ. ಗೇಟಿನ ಒಳಗಿನ 22 ಕಂಬಗಳು ನಮ್ಮವು, ಸೊಸೈಟಿಯ ಮೀಟರಿಗೆ ಸೇರಿದವು. ಅಂದರೆ ಅವನ್ನು ಹಚ್ಚೋದು, ಆರಿಸೋದು ನಮ್ಮ ಕೈಯಲ್ಲೇ ಇದೆ.

ಮೊದಲು ಹಳದಿ ಸೋಡಿಯಂ ದೀಪ ಇತ್ತು. ನಾಲ್ಕು ವರ್ಷದ ಹಿಂದೆ ಎಲ್‌ಇಡಿ ಹಾಕಿಸಿದರು, 45 ವ್ಯಾಟ್‌ನದ್ದು, ಅಚ್ಚ ಬಿಳಿ. ಅಲ್ಲಿಂದ ಜಗಳ ಶುರು. ಬೆಳಕು ನೆಲಕ್ಕೆ ಬೀಳೋದಕ್ಕಿಂತ ಜಾಸ್ತಿ ಕಿಟಕಿಗೆ ಬೀಳ್ತಿತ್ತು. ಒಂದನೇ ಮಾಳಿಗೆಯ ಅಜ್ಜಿಯೊಬ್ಬರು ಕಿಟಕಿಗೆ ಟಿವಿಯ ರಟ್ಟಿನ ಡಬ್ಬ ಅಂಟಿಸಿಕೊಂಡಿದ್ದರು. ಇಷ್ಟು ಬಿಳಿ ಬೆಳಕಲ್ಲಿ ನೀಲಿ ಅಂಶ ಜಾಸ್ತಿ, ಅದು ಮೆಲಟೋನಿನ್ ಅನ್ನೋ ನಿದ್ದೆಯ ಹಾರ್ಮೋನನ್ನು ತಡೆಯುತ್ತೆ. ಎರಡನೇ ಕಟ್ಟಡದ ಕಾಕಾ ಒಬ್ಬರು ಪ್ರತೀ ಸಭೆಯಲ್ಲೂ ಎದ್ದು ನಿಂತು, ಮೊದಲು ಮಳೆ ಶುರುವಾಗೋ ಮುಂಚೆ ಗೋಡೆ ಪಕ್ಕ ಮಿಣುಕುಹುಳ ಬರ್ತಿದ್ದವು, ಈಗ ಒಂದೂ ಇಲ್ಲ ಅಂತ ಹೇಳ್ತಿದ್ದರು. ಎಲ್ಲರೂ ನಗ್ತಿದ್ದೆವು. ಅವರು ಹೇಳಿದ್ದು ಸರಿಯೇ. ಮಿಣುಕುಹುಳಕ್ಕೆ ಜೋಡಿ ಹುಡುಕೋದಕ್ಕೆ ಇರೋದು ತನ್ನ ಬೆಳಕು ಒಂದೇ, 45 ವ್ಯಾಟ್ ಎದುರಿಗೆ ಅದು ಏನು ಮಾಡೋದು?

ನನಗೆ ಇಂಥ ವಿಷಯ ಸಿಕ್ಕಿದರೆ ಬಿಡೋದಿಲ್ಲ. ಎಕ್ಸೆಲ್ ತೆಗೆದು ಕೂತೆ. 22 ದೀಪ, ಐದು ಗಂಟೆ, ರಾತ್ರಿಗೆ ಹತ್ತಿರ ಹತ್ತಿರ ಐದು ಯೂನಿಟ್. ತಿಂಗಳಿಗೆ 150. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೆ 1500 ರೂಪಾಯಿ. 84 ಮನೆಗೆ ಹಂಚಿದರೆ ಮನೆಗೆ ತಿಂಗಳಿಗೆ 18 ರೂಪಾಯಿ. ಒಂದು ಕಟಿಂಗ್ ಚಾ! ಸಭೆಯಲ್ಲಿ ಈ ಲೆಕ್ಕ ತೋರಿಸಿದಾಗ ಜನ ನಕ್ಕರು. ಆದರೆ ನಿದ್ದೆಯ ಮಾತು ಗೆದ್ದಿತು.

ಸುರಕ್ಷತೆಯ ಪ್ರಶ್ನೆ ಬಂತು. ಅದಕ್ಕೂ ನಾನು ತಯಾರಾಗಿ ಹೋಗಿದ್ದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖರ್ಚು ಉಳಿಸೋದಕ್ಕೆ ಎಷ್ಟೋ ಊರುಗಳು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಬೀದಿದೀಪ ಆರಿಸಿದವು. 62 ಸ್ಥಳೀಯ ಆಡಳಿತಗಳ 14 ವರ್ಷದ ಅಂಕಿಅಂಶ ಇಟ್ಟುಕೊಂಡು ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯ್ತು. ದೀಪ ಆರಿಸಿದ್ದರಿಂದ ಅಪಘಾತವಾಗಲಿ ಅಪರಾಧವಾಗಲಿ ಹೆಚ್ಚಾಯ್ತು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಈ ಸ್ಲೈಡ್ ಹಾಕಿದ ಮೇಲೆ ಯಾರೂ ಮಾತಾಡಲಿಲ್ಲ. ಠರಾವು ಪಾಸಾಯ್ತು. ಟೈಮರ್ ನಾನೇ ಸೆಟ್ ಮಾಡಿದೆ. ಡಿಸೆಂಬರ್ ತಿಂಗಳು.

ಮೊದಲ ರಾತ್ರಿ ಹತ್ತು ಹದಿನೈದು ಜನ ಟೆರೇಸಿಗೆ ಹೋದೆವು. ಮುಂಬೈ ಆಕಾಶ ಆ ಕಡೆಯೆಲ್ಲ ಕಿತ್ತಳೆ ಬಣ್ಣವೇ, ಆದರೂ ಕಾಡಿನ ಕಡೆ ತಿರುಗಿದರೆ ಮಹಾವ್ಯಾಧ ಮೂರು ನಕ್ಷತ್ರದ ಪಟ್ಟಿ ಕಟ್ಟಿಕೊಂಡು ನಿಂತಿದ್ದ. ಅಜ್ಜಿ ರಟ್ಟು ಕಿತ್ತು ಹಾಕಿದರು. ನಾನು ತುಂಬಾ ಖುಷಿಯಲ್ಲಿದ್ದೆ.

ಹನ್ನೆರಡನೇ ದಿನ ಅಮ್ಮ ಕೇಳಿದರು, "ಮಾವಶಿ ಈಗೀಗ ಯಾಕೆ ತಡವಾಗಿ ಬರ್ತಾರೆ?"

ನಮ್ಮಲ್ಲಿ ಅಡುಗೆಗೆ ಬರುವ ಮಾವಶಿ ಆರೇ ಒಳಗಿನ ಒಂದು ಪಾಡಾದವರು. ಬೆಳಗಿನ ಲೋಕಲ್ ಹಿಡಿಯೋರ ಡಬ್ಬಿ ತಯಾರಾಗಬೇಕಲ್ಲ, ಅದಕ್ಕೆ ನಾಲ್ಕೂವರೆಗೆ ಮೊದಲ ಮನೆ ಸೇರ್ತಿದ್ದರು. ಎರಡು ವಾರದಿಂದ ಐದೂ ಕಾಲು ಆಗ್ತಿತ್ತು. ಒಂದು ಮನೆಯವರು ಅರ್ಧ ದಿನದ ಪಗಾರ ಕತ್ತರಿಸಿಯೂ ಆಗಿತ್ತು. ಮಾವಶಿ ನಮ್ಮ ಹತ್ತಿರ ಒಂದು ಮಾತೂ ಹೇಳಿರಲಿಲ್ಲ. ನಾನೇ ಕೇಳಿದೆ. ಇನ್ನಿಬ್ಬರು ಹೆಂಗಸರ ಜೊತೆ ಐದು ಗಂಟೆಯವರೆಗೆ ಗೇಟಿನ ಹೊರಗೆ, ಪಾಲಿಕೆಯ ಕಂಬದ ಕೆಳಗೆ ನಿಂತಿರ್ತೇನೆ ಅಂದರು. ನಮ್ಮ ಗೇಟಿನಿಂದ ಹಿಂದಿನ ಕಟ್ಟಡಕ್ಕೆ ಇನ್ನೂರು ಮೀಟರ್ ದಾರಿ, ಒಂದು ಪಕ್ಕ ಗೋಡೆ, ಗೋಡೆಯಾಚೆ ಪೊದೆ.

"ಮೊದಲು ನಿಮ್ಮ ಗೇಟ್ ಮುಟ್ಟಿದರೆ ಹೆದರಿಕೆ ಮುಗೀತಿತ್ತು ಬೇಟಾ. ಈಗ ಅಲ್ಲಿಂದ ಶುರುವಾಗುತ್ತೆ."

ಈ ಹೆದರಿಕೆ ಸುಮ್ಮನೆ ಅಲ್ಲ. 2022ರ ದೀಪಾವಳಿಯ ದಿನ ಬೆಳಗಿನ ಜಾವ ಆರೇಯಲ್ಲಿ ಒಂದೂವರೆ ವರ್ಷವೂ ತುಂಬದ ಮಗುವಿನ ಮೇಲೆ ಚಿರತೆ ಬಿತ್ತು. ಮಗು ಉಳಿಯಲಿಲ್ಲ. ಅದರ ಹಿಂದಿನ ವರ್ಷವೂ ಅಲ್ಲಿ ಸಾಲಾಗಿ ದಾಳಿಗಳಾಗಿದ್ದವು. ಚಿರತೆ ಬಿಟ್ಟರೂ, ಕತ್ತಲ ಗಲ್ಲಿಯಲ್ಲಿ ಹೆಂಗಸಿಗೆ ಯಾವುದರ ಹೆದರಿಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಹೆಂಗಸೇ. ಅಮೆರಿಕದ ಕ್ಲೈಂಟ್ ಕಾಲ್ ಮುಗಿಸಿ ಎಷ್ಟೋ ರಾತ್ರಿ ಒಂದು ಗಂಟೆಗೆ ಬಂದಿದ್ದೇನೆ. ಆದರೆ ಕಂಪನಿಯ ಕ್ಯಾಬ್ ನನ್ನನ್ನು ಲಿಫ್ಟಿನ ಎದುರು ಇಳಿಸುತ್ತೆ. ಆ ಇನ್ನೂರು ಮೀಟರ್ ನಾನು ರಾತ್ರಿ ನಡೆದೇ ಇರಲಿಲ್ಲ.

ಆ ಭಾನುವಾರ ಸಿಸಿಟಿವಿ ಮುಂದೆ ಕೂತೆ. ನಮ್ಮ ಡಿವಿಆರ್ 30 ದಿನದ ರೆಕಾರ್ಡಿಂಗ್ ಇಟ್ಟುಕೊಳ್ಳುತ್ತೆ. ಅಂದರೆ ದೀಪ ಇದ್ದ 18 ರಾತ್ರಿ, ಇಲ್ಲದ 12 ರಾತ್ರಿ. ನಡೆದು ಬಂದವರನ್ನೆಲ್ಲ ಎಣಿಸಿದೆ. ದೀಪ ಇದ್ದಾಗ 12ರಿಂದ 5ರೊಳಗೆ ಸರಾಸರಿ 19 ಜನ. ಆರಿಸಿದ ಮೇಲೆ 11. ಕಮ್ಮಿಯಾದವರು ಹೆಚ್ಚುಕಮ್ಮಿ ಎಲ್ಲರೂ ನಾಲ್ಕರಿಂದ ಐದರೊಳಗೆ ಬರುವವರು: ಅಡುಗೆಯವರು, ಕಾರು ತೊಳೆಯೋ ಹುಡುಗರು, ಪೇಪರ್ ಹಾಕೋನು. ಮೂವತ್ತು ದಿನದ ಆ ಪಟ್ಟಿಯಲ್ಲಿ ಫ್ಲ್ಯಾಟಿನ ಮಾಲೀಕರು ಅಂತ ನನಗೆ ಗುರುತು ಸಿಕ್ಕಿದ್ದು ನಾಲ್ಕೇ ಜನ. ಅಂದರೆ ಆ ಐದು ಗಂಟೆಯ ದಾರಿ ಬಳಸುವವರು ಒಬ್ಬರು, ಅದರ ಬಗ್ಗೆ ಓಟು ಹಾಕಿದವರು ಇನ್ನೊಬ್ಬರು.

ಚಿರತೆಯೂ ಸಿಕ್ಕಿತು. ಹಿಂದಿನ ಕ್ಯಾಮೆರಾದಲ್ಲಿ ಮೂರು ಸಲ. ದೀಪ ಇದ್ದಾಗ ಎರಡು, ಇಲ್ಲದಾಗ ಒಂದು. ಮೂರು ಘಟನೆಯಿಂದ ಯಾವ ತೀರ್ಮಾನವೂ ಮಾಡೋಕಾಗಲ್ಲ, ಅದು ನನಗೆ ಗೊತ್ತು. ಆದರೆ ಮೂರು ಸಲವೂ ಅದು ಹೋಗಿದ್ದು ಒಂದೇ ಕಡೆ, ನಮ್ಮ ಕಸದ ಡಬ್ಬಗಳ ಹತ್ತಿರ ಮಲಗೋ ನಾಯಿಗಳ ಕಡೆ. ಇಲ್ಲಿನ ಚಿರತೆಗಳ ಊಟದಲ್ಲಿ ಬೀದಿನಾಯಿಗೆ ದೊಡ್ಡ ಪಾಲು ಇದೆ. ಕಸ ತೆರೆದಿಟ್ಟುಕೊಂಡು ದೀಪದ ಬಗ್ಗೆ ಎಷ್ಟು ಚರ್ಚೆ ಮಾಡಿದರೇನು!

ಈಗ ಆ ಇಂಗ್ಲೆಂಡಿನ ಸ್ಲೈಡಿಗೆ ಬರ್ತೇನೆ. ಅಧ್ಯಯನದಲ್ಲಿ ತಪ್ಪಿಲ್ಲ, ತಪ್ಪು ನನ್ನ ಓದಿನಲ್ಲಿ. ಅವರು ಎಣಿಸಿದ್ದು ನಡೆದ ಅಪರಾಧ, ನಡೆದ ಅಪಘಾತ. ಕತ್ತಲೆ ಅಂತ ಹೊರಗೆ ಬಾರದೇ ನಿಂತವರು ಆ ಲೆಕ್ಕದಲ್ಲಿ ಬರೋದಿಲ್ಲ. ನಮ್ಮಲ್ಲೂ ಆ ಹನ್ನೆರಡು ರಾತ್ರಿ ಕಳ್ಳತನ ಇಲ್ಲ, ಅಪಘಾತ ಇಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಮಾವಶಿ ಗೇಟಿನ ಹೊರಗೆ. ಮತ್ತೆ ಎಲ್ಲ ಅಧ್ಯಯನವೂ ಒಂದೇ ಮಾತು ಹೇಳೋದಿಲ್ಲ. ನ್ಯೂಯಾರ್ಕಿನಲ್ಲಿ 2016ರಲ್ಲಿ ಸರ್ಕಾರಿ ವಸತಿ ಸಂಕೀರ್ಣಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಪ್ರಖರ ದೀಪ ಹಾಕಿದಾಗ, ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಸುಮಾರು 36 ಶೇಕಡ ಕಮ್ಮಿಯಾಯ್ತು. ಆ ಸ್ಲೈಡ್ ನಾನು ಹಾಕಿರಲಿಲ್ಲ. ಹುಡುಕಿಯೂ ಇರಲಿಲ್ಲ, ನಿಜ ಹೇಳಬೇಕಂದರೆ.

ಮರುದಿನವೇ ಟೈಮರ್ ತೆಗೆದೆ. ಅಜ್ಜಿ ರಟ್ಟು ಮತ್ತೆ ಅಂಟಿಸಿದರು. ಅವರ ಮುಖ ನೋಡೋಕಾಗ್ತಿರಲಿಲ್ಲ.

ಆಮೇಲೆ ಮಾಡಿದ್ದನ್ನು ಬೇಗ ಹೇಳಿಬಿಡ್ತೇನೆ. ನಮ್ಮದೇ ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಪ್ರದೇಶಕ್ಕೆ 2024ರ ಜನವರಿಯಲ್ಲಿ ದೇಶದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಅನ್ನೋ ಮಾನ್ಯತೆ ಸಿಕ್ಕಿತು. ಅಲ್ಲಿ ಹಳ್ಳಿಯವರನ್ನು ಕತ್ತಲಲ್ಲಿ ಕೂರಿಸಲಿಲ್ಲ, ಬೀದಿದೀಪಗಳನ್ನು ನೆಲಕ್ಕೆ ಮುಖ ಮಾಡೋ ಹಾಗೆ ಬದಲಾಯಿಸಿದರು. ನಾವೂ ಅದನ್ನೇ ಮಾಡಿದೆವು. ಯಾರೂ ನಡೆಯದ, ಕಾಡಿನ ಕಡೆಯ 9 ಕಂಬಗಳನ್ನು ಪೂರ್ತಿ ಆರಿಸಿದೆವು. ದಾರಿಯ 13 ಕಂಬಕ್ಕೆ 20 ವ್ಯಾಟ್‌ನ ಬೆಚ್ಚನೆ ಹಳದಿ ಎಲ್‌ಇಡಿ, ಮೇಲೆ ಟೊಪ್ಪಿ ಹಾಕಿದ ಹಾಗೆ ಮುಚ್ಚಿದ್ದು. ಹನ್ನೆರಡರ ನಂತರ ಬೆಳಕು 30 ಶೇಕಡಕ್ಕೆ ಇಳಿಯುತ್ತೆ, ಯಾರಾದರೂ ನಡೆದರೆ ಸೆನ್ಸರ್ ಹಿಡಿದು ಪೂರ್ತಿ ಬೆಳಗುತ್ತೆ. ಕಸದ ಡಬ್ಬಕ್ಕೆ ಮುಚ್ಚಳ ಮತ್ತು ಜಾಲರಿ.

ವಿದ್ಯುತ್ ಲೆಕ್ಕ ಕೇಳಿ. ಪೂರ್ತಿ ಆರಿಸಿದಾಗ ಉಳಿದದ್ದು ರಾತ್ರಿಗೆ ಐದು ಯೂನಿಟ್. ಈಗ ಆ ಐದು ಗಂಟೆಗೆ ಖರ್ಚಾಗೋದು ಅರ್ಧ ಯೂನಿಟ್ಟಿನ ಆಸುಪಾಸು. ಅಂದರೆ ಬರೀ ಐದು ರೂಪಾಯಿ ವ್ಯತ್ಯಾಸಕ್ಕೆ ನಾನು ಅವರನ್ನು ಹೊರಗೆ ನಿಲ್ಲಿಸಿದ್ದೆ.

ಮೊದಲ ವಾರ ಇದೂ ಕೈಕೊಟ್ಟಿತು. ಸೆನ್ಸರ್ ಮಾಡಿದೋರು ಕಾರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದರೇನೋ, ಗೋಡೆ ಪಕ್ಕ ಮೆಲ್ಲಗೆ ನಡೆಯೋರು ಅದಕ್ಕೆ ಕಾಣ್ತಿರಲಿಲ್ಲ. ಆದರೆ ನಾಯಿ ಓಡಿದರೆ ಸಾಲಾಗಿ ದೀಪ ಹತ್ತಿಕೊಳ್ತಿತ್ತು, ಮದುವೆ ಮೆರವಣಿಗೆ ತರ. (ನಗು) ಸರಿ ಮಾಡೋದಕ್ಕೆ ನಾಲ್ಕೂವರೆಗೆ ಎದ್ದು ಮಾವಶಿ ಜೊತೆ ನಡೆದೆ. ಅವರು "ಇಲ್ಲಿ ಕಾಣಲ್ಲ, ಇಲ್ಲಿ ಕಾಲು ಜಾರುತ್ತೆ" ಅಂತ ತೋರಿಸ್ತಾ ಹೋದರು, ನಾನು ವಾಚ್‌ಮನ್ ಚಾಚಾನ ಕೈಲಿ ಸೆನ್ಸರ್ ತಿರುಗಿಸ್ತಾ ಹೋದೆ. ಆ ದಾರಿಯಲ್ಲಿ ಒಂದು ಒಡೆದ ಚರಂಡಿ ಕಲ್ಲಿದೆ ಅಂತ ಗೊತ್ತಾಗಿದ್ದೂ ಆವತ್ತೇ. ಹನ್ನೊಂದು ವರ್ಷದಿಂದ ಅಲ್ಲಿದ್ದೇನೆ ನಾನು.

ಮಾವಶಿ ಈಗ ನಾಲ್ಕೂವರೆಗೇ ಬರ್ತಾರೆ. ಕತ್ತರಿಸಿದ ಪಗಾರ ವಾಪಸ್ ಬಂದಿಲ್ಲ, ಅದು ಬೇರೆ ಮನೆಯ ವಿಷಯ ಅಂತ ಕಮಿಟಿ ಹೇಳ್ತದೆ. ಮಿಣುಕುಹುಳ ಬಂದಿಲ್ಲ. ಹಿಂದಿನ ಕಟ್ಟಡದವರಿಗೆ ಈಗ ಚಿರತೆಯ ಹೆದರಿಕೆ, ಆ 9 ಕಂಬ ಮತ್ತೆ ಹಚ್ಚಿ ಅಂತ ಅರ್ಜಿ ಕೊಟ್ಟಿದ್ದಾರೆ. ಕಾಕಾ ಅದಕ್ಕೆ ವಿರೋಧ. ನನಗೆ ಎರಡೂ ಕಡೆ ಸರಿ ಅನ್ನಿಸ್ತಿದೆ, ಈ ಸಲ ಸ್ಲೈಡ್ ಇಲ್ಲ.

ಮುಂದಿನ ಸಭೆಗೆ ಮಾವಶಿಯನ್ನೂ ಉಳಿದವರನ್ನೂ ಕರೆಯೋಣ ಅಂತ ಹೇಳಿದೆ. ಓಟು ಸದಸ್ಯರಿಗೆ ಮಾತ್ರ, ಮಾತಾಡೋದಕ್ಕೆ ಅಡ್ಡಿಯಿಲ್ಲ ಅಂತ ಸೆಕ್ರೆಟರಿ ಒಪ್ಪಿದರು. ಮಾವಶಿಗೆ ಹೇಳಿದಾಗ, "ಸಭೆ ಎಷ್ಟು ಗಂಟೆಗೆ?" ಅಂದರು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅಂದೆ.

"ಆ ಹೊತ್ತಿಗೆ ಸೆಕ್ರೆಟರಿ ಮನೇಲೇ ನನ್ನ ಅಡುಗೆ ಇರುತ್ತಲ್ಲ ಬೇಟಾ!"

ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಹಾಕಿದ್ದೇವೆ.